ಎರಡನೆಯ ಬಿತ್ತನೆಯ ಬೆಲೆ

2021ರ ನವೆಂಬರ್ ತಿಂಗಳಿನಲ್ಲಿ ತುಮಕೂರು, ಕೋಲಾರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ರಾಗಿಯ ಹೊಲಗಳಲ್ಲಿ ಕೊಯ್ದು ಅರಿ ಹಾಕಿದ್ದ ತೆನೆ ಅಕಾಲವೃಷ್ಟಿಗೆ ಸಿಕ್ಕಿ ನೆಲದ ಮೇಲೆಯೇ ಮೊಳೆತುಹೋಯಿತು. ಅದಾಗಿ ಎರಡು ವರ್ಷ ತುಂಬುವ ಮೊದಲೇ ಬಂದ 2023ರ ಆಗಸ್ಟ್, 1901ರಿಂದೀಚೆಗೆ ಈ ದೇಶ ಕಂಡ ಅತ್ಯಂತ ಶುಷ್ಕವಾದ ಆಗಸ್ಟ್ ಎನಿಸಿ, ವಾಡಿಕೆಯ ಮಳೆಯಲ್ಲಿ ಶೇಕಡಾ 36ರಷ್ಟನ್ನು ಕೊಡದೆಯೇ ಕಳೆದುಹೋಯಿತು. ತೆಂಡೆಯೊಡೆದು ಹೊಲ ತುಂಬಬೇಕಾಗಿದ್ದ ಪೈರು ಅವೇ ಹೊಲಗಳಲ್ಲಿ ಬಾಡಿ ನಿಂತಿತು. ಕೊಯ್ಲಿನ ಕಾಲಕ್ಕೆ ಮಳೆ, ಬೆಳವಣಿಗೆಯ ಕಾಲಕ್ಕೆ ಬಿಸಿಲು: ಬಯಲುಸೀಮೆಯ ಬೇಸಾಯಗಾರನಿಗೆ ಹವಾಮಾನದ ವೈಪರೀತ್ಯವೆಂಬುದು ಪತ್ರಿಕೆಗಳಲ್ಲಿ ಚರ್ಚೆಗೊಳ್ಳುವ ಮುಂದಿನ ಶತಮಾನದ ಭೀತಿಯಾಗಿ ಬಂದಿಲ್ಲ, ಬಿತ್ತುವ ದಿನ ಮತ್ತು ಒಕ್ಕುವ ದಿನ ಇವೆರಡರ ಮೇಲೂ ತನಗಿದ್ದ ಹಿಡಿತ ತಪ್ಪಿಹೋದ ದಿನನಿತ್ಯದ ಸಂಕಟವಾಗಿ ಅದು ಬಂದಿದೆ.

ಹಳ್ಳಿಯ ಹಿರಿಯರು ಆಡಿಕೊಳ್ಳುವ ಮಾತನ್ನು ಮಳೆಮಾಪಕಗಳೂ ಸಮರ್ಥಿಸುತ್ತವೆ. ಕೇಂದ್ರದ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 1951ರಿಂದ 2015ರ ಅವಧಿಯಲ್ಲಿ ಭಾರತದ ಮುಂಗಾರು ಮಳೆ ಸುಮಾರು ಶೇಕಡಾ 6ರಷ್ಟು ಇಳಿದಿದೆ. ಹೆಚ್ಚುಕಡಮೆ ಅದೇ ಅವಧಿಯಲ್ಲಿ ಮಧ್ಯಭಾರತದ ವಿಸ್ತಾರವಾದ ಭೂಭಾಗವನ್ನು ಒಮ್ಮೆಗೇ ಆವರಿಸುವ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟು ಹೆಚ್ಚಿವೆಯೆಂದು ನಮ್ಮ ವಿಜ್ಞಾನಿಗಳೇ ತೋರಿಸಿಕೊಟ್ಟಿದ್ದಾರೆ. ಒಟ್ಟು ಮಳೆಯಲ್ಲಿ ಆಗಿರುವ ಇಳಿಕೆ ಅಲ್ಪವೆಂದು ತೋರಬಹುದು. ಆದರೆ ವರ್ಷದ ಕೊನೆಗೆ ಕೂಡಿಸಿ ನೋಡುವ ಮೊತ್ತದಿಂದ ಪೈರು ಬದುಕುವುದಿಲ್ಲ. ಮಳೆ ಬಿದ್ದ ದಿನಕ್ಕೂ ಮರಳಿ ಬೀಳುವ ದಿನಕ್ಕೂ ನಡುವಣ ಅಂತರ ಎಷ್ಟೆಂಬುದನ್ನೇ ನೆಚ್ಚಿ ಅದು ಬದುಕುತ್ತದೆ. ಈಗ ವಿಕಾರಗೊಂಡಿರುವುದು ಆ ಅಂತರವೇ ಆಗಿದೆ.

ಈ ವಿಷಯವನ್ನು ಕುರಿತು ನಡೆಯುವ ಸಭೆಗಳಲ್ಲಿಯೂ ಹೊರಡುವ ವರದಿಗಳಲ್ಲಿಯೂ ಸಣ್ಣ ಹಿಡುವಳಿದಾರನನ್ನು ಪಾಠ ಕಲಿಯಬೇಕಾದ ವಿದ್ಯಾರ್ಥಿಯ ಸ್ಥಾನದಲ್ಲಿ ಕೂರಿಸುವ ಪರಿಪಾಠವೊಂದು ಬೆಳೆದಿದೆ. ಅವನಿಗೆ ಹೊಂದಿಕೊಳ್ಳುವುದನ್ನು ಕಲಿಸಬೇಕು, ಅರಿವು ಮೂಡಿಸಬೇಕು, ಹೊಸ ತಂತ್ರವನ್ನು ತಲಪಿಸಬೇಕು ಎಂಬ ಮಾತುಗಳು ಸದುದ್ದೇಶದಿಂದಲೇ ಹೊರಡುತ್ತವೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ. 2015-16ರ ಕೃಷಿ ಗಣತಿಯಂತೆ ಈ ದೇಶದ ಹಿಡುವಳಿಗಳಲ್ಲಿ ನೂರಕ್ಕೆ 86ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು, ಅವುಗಳೆಲ್ಲದರ ಕೈಯಲ್ಲಿರುವ ಭೂಮಿ ನೂರಕ್ಕೆ 47ರಷ್ಟು ಮಾತ್ರ. ಇಷ್ಟು ಕಿರಿದಾದ ನೆಲದ ಮೇಲೆ, ನೀರಾವರಿಯ ಆಸರೆಯಿಲ್ಲದೆ, ಮಳೆಯೊಂದನ್ನೇ ನೆಚ್ಚಿ ತಲೆಮಾರುಗಳಿಂದ ಬದುಕು ಸಾಗಿಸಿಕೊಂಡು ಬಂದಿರುವವರಿಗೆ ಹೊಂದಾಣಿಕೆಯ ವಿದ್ಯೆ ಇಲ್ಲವೆಂದು ಭಾವಿಸುವುದು ಅವರಿಗೆ ಮಾಡುವ ಅನ್ಯಾಯ ಎಂಬುದು ನನ್ನ ದೃಢವಾದ ನಂಬಿಕೆ. ಅವರಲ್ಲಿ ವಿದ್ಯೆಗೆ ಕೊರತೆಯಿಲ್ಲ. ಆ ವಿದ್ಯೆಯನ್ನು ಪ್ರಯೋಗಿಸುವುದಕ್ಕೆ ತಗಲುವ ವೆಚ್ಚವನ್ನು ಹೊರುವ ಶಕ್ತಿ ಅವರಿಗಿಲ್ಲ. ಹೊರಬೇಕಾದ ಸಮಾಜವು ಆ ವೆಚ್ಚವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಶಿರಾ, ಮಧುಗಿರಿಗಳ ಕೆಂಪು ಮರಳುಮಿಶ್ರಿತ ನೆಲದಲ್ಲಿ ವರ್ಷದ ಬೇಸಾಯ ಹೇಗೆ ನಡೆಯುತ್ತದೆಂಬುದನ್ನು ಸಾವಧಾನವಾಗಿ ಗಮನಿಸಿದರೆ ನನ್ನ ಮಾತಿನ ಅಭಿಪ್ರಾಯ ಸ್ಪಷ್ಟವಾದೀತು. ಅಶ್ವಿನಿಯ ಹನಿ ಬಿದ್ದರೆ ನೆಲವನ್ನು ಉತ್ತು ಬಿಡುತ್ತಾರೆ. ಭರಣಿ ಕೃತ್ತಿಕೆಗಳು ನಡೆಸಿಕೊಟ್ಟರೆ ಎಳ್ಳು, ಹೆಸರು, ಅಲಸಂದೆಗಳನ್ನು ಚೆಲ್ಲಿ, ರಾಗಿಯ ಕಾಲ ಬರುವುದರೊಳಗೆ ಒಂದು ಸಣ್ಣ ಫಸಲನ್ನು ಮನೆಗೆ ತಂದುಕೊಳ್ಳುತ್ತಾರೆ. ಆರ್ದ್ರೆ ಪುನರ್ವಸುಗಳು ಕೈಹಿಡಿದರೆ ನೂರಿಪ್ಪತ್ತು ದಿನಕ್ಕೆ ಕಡಮೆಯಿಲ್ಲದ ದೀರ್ಘಾವಧಿಯ ರಾಗಿ; ಮಳೆ ಹಿಂದೆ ಬಿದ್ದು ಪುಷ್ಯಕ್ಕೆ ಹೋದರೆ ಜಿಪಿಯು-28ರಂತಹ, ನೂರಹತ್ತು ದಿನಗಳ ಸುಮಾರಿಗೆ ಬರುವ ಮಧ್ಯಮಾವಧಿಯ ರಾಗಿ; ಆಶ್ಲೇಷವೂ ಕಳೆಯುತ್ತಿದ್ದರೆ ನೂರು ದಿನಗಳ ಆಸುಪಾಸಿನ ಅಲ್ಪಾವಧಿಯ ತಳಿ, ಅಥವಾ ಹಿತ್ತಲ ಮಡಿಯಲ್ಲಿ ಮೊದಲೇ ಒಟ್ಟಲು ಹಾಕಿಟ್ಟ ಪೈರನ್ನು ಕಿತ್ತು ಸಾಲಿನಲ್ಲಿ ನೆಡುವ ನಾಟಿ. ಅದೂ ಕೈತಪ್ಪಿದರೆ ಉತ್ತರೆಯ ಹೊತ್ತಿಗೆ ಹುರುಳಿ. ಹುರುಳಿಯ ಬೆಳೆಯಿಂದ ಯಾರೂ ಶ್ರೀಮಂತರಾಗರು, ಆದರೆ ದನಕ್ಕೆ ಮೇವೂ ಮನೆಗೆ ಸಾರೂ ಉಳಿದಾವು. ಒಂದು ಬಾಗಿಲು ಮುಚ್ಚಿದೊಡನೆ ಇನ್ನೊಂದನ್ನು ತೆರೆಯುವ ಈ ಕ್ರಮವನ್ನು ಯಾವ ಇಲಾಖೆಯೂ ರೂಪಿಸಿಕೊಡಲಿಲ್ಲ. ಕೃಷಿ ವಿಜ್ಞಾನವು ತಳಿಗಳನ್ನು ಒದಗಿಸಿ ಇದನ್ನು ಪುಷ್ಟಿಗೊಳಿಸಿತು, ಅಷ್ಟೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ‘ರಾಗಿ ಲಕ್ಷ್ಮಣಯ್ಯ’ನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ಹೊರತಂದಾಗ ರೈತರು ಅವುಗಳನ್ನು ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ, ಆ ತಳಿಗಳು ಮೊದಲೇ ಇದ್ದ ಈ ಕ್ರಮದಲ್ಲಿ ತಮ್ಮ ತಮ್ಮ ಸ್ಥಾನವನ್ನು ಕಂಡುಕೊಂಡದ್ದೂ ಕಾರಣವೆಂದು ನನಗೆ ತೋರುತ್ತದೆ.

ಅಕ್ಕಡಿ ಸಾಲಿನ ಪದ್ಧತಿಯೂ ಇದೇ ವಿವೇಕದ ಇನ್ನೊಂದು ಮುಖ. ಕೂರಿಗೆಯಿಂದ ರಾಗಿಯನ್ನು ಬಿತ್ತುತ್ತ, ಎಂಟು ಹತ್ತು ಸಾಲಿಗೊಮ್ಮೆ ಹಿಂದೆ ಕಟ್ಟಿದ ಸಡ್ಡೆಯಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳುಗಳನ್ನು ಬಿಟ್ಟುಕೊಂಡು ಹೋಗುವ ಹೆಂಗಸಿನ ಕೈ, ನೋಡುವವರಿಗೆ ಕಾಳನ್ನು ಬಿಡುತ್ತಿರುವಂತೆ ಮಾತ್ರ ಕಂಡರೂ, ನಿಜವಾಗಿ ಮುಂದಿನ ಆರು ತಿಂಗಳ ಅಪಾಯಗಳನ್ನು ಹಂಚಿ ಹಾಕುತ್ತಿರುತ್ತದೆ. ಆಗಸ್ಟಿನ ಬಿಸಿಲಿಗೆ ರಾಗಿ ಸೊರಗಿದರೂ ಆಳಕ್ಕೆ ಬೇರಿಳಿಸಿದ ತೊಗರಿ ತಾಳಿಕೊಳ್ಳುತ್ತದೆ. ರಾಗಿ ಕೊಯ್ದು ಹೋದ ಮೇಲೆ ಮಾರ್ಗಶಿರ ಪುಷ್ಯ ಮಾಸಗಳ ಇಬ್ಬನಿಯಲ್ಲಿ ಅವರೆ ಸೊನೆಗಟ್ಟಿ ನಿಲ್ಲುತ್ತದೆ. ಅದರ ಬೇರಿನ ಗಂಟುಗಳು ನೆಲಕ್ಕೆ ಸಾರಜನಕವನ್ನು ಕೊಡುತ್ತವೆ. ಹಾವೇರಿ ಜಿಲ್ಲೆಯ ಗುಳಿ ರಾಗಿಯ ಬೇಸಾಯವನ್ನೂ ಇಲ್ಲಿ ನೆನೆಯಬೇಕು. ಚೌಕವಾಗಿ ಗೆರೆ ಹಾಕಿ, ಗೆರೆಗಳು ಕೂಡುವೆಡೆ ಗುಳಿ ಮಾಡಿ, ಗೊಬ್ಬರವಿಟ್ಟು, ಎಳೆಯ ಪೈರನ್ನು ನಟ್ಟು, ಅದು ಬೇರೂರಿದ ಮೇಲೆ ಹಗುರವಾದ ಕೊರಡನ್ನು ಅದರ ಮೇಲೆ ಎಳೆದು ಬಾಗಿಸಿ ಹೆಚ್ಚು ತೆಂಡೆ ಬರಿಸುವ ಆ ಕ್ರಮವನ್ನು ಕಂಡುಕೊಂಡವರು ಅಲ್ಲಿನ ರೈತರೇ.

ಶಿರಾ ಸೀಮೆಯ ಒಂದು ಹಳ್ಳಿಯಲ್ಲಿ ವೃದ್ಧೆಯೊಬ್ಬರು ತಮ್ಮ ಅಡುಗೆಮನೆಯ ಅಟ್ಟದ ಕೆಳಗೆ ಸಾಲಾಗಿ ಇರಿಸಿದ್ದ ಮಡಕೆಗಳನ್ನು ನನಗೆ ಒಂದೊಂದಾಗಿ ಬಿಚ್ಚಿ ತೋರಿಸಿದರು. ಒಂದರಲ್ಲಿ ಬೂದಿ ಕಲಸಿದ ಅವರೆ. ಒಂದರಲ್ಲಿ ಕೆಮ್ಮಣ್ಣು ಕಟ್ಟಿ ಒಣಗಿಸಿದ ತೊಗರಿ, ಮುಟ್ಟಿದರೆ ಬೆರಳಿಗೆ ಕೆಂಪು ಹತ್ತುವುದು. ಇನ್ನೊಂದರಲ್ಲಿ ಲಕ್ಕಿ ಸೊಪ್ಪಿನ ಹಾಸಿನ ಮೇಲೆ ರಾಗಿ. ತೀರ ಹಿಂದಿನದರಲ್ಲಿ ಎರಡು ವರ್ಷದಿಂದ ಉಳಿದು ಬಂದ ಹುರುಳಿ. ಪ್ರತಿ ಬೀಜವೂ ಒಮ್ಮೆ ಬಿತ್ತಲು ಬೇಕಾಗುವುದರ ಎರಡರಷ್ಟಿತ್ತು. ಮೊದಲ ಬಿತ್ತನೆ ಒಣಗಿದರೆ ಎಂಬ ಎಚ್ಚರ ಅದು, ಅವರ ಅತ್ತೆಯ ಕಾಲದಿಂದ ನಡೆದು ಬಂದ ರೂಢಿ. ಹಾಗಾದರೆ ಮಳೆ ತಪ್ಪಿದರೂ ತೊಂದರೆಯಿಲ್ಲವಲ್ಲ ಅಜ್ಜಿ ಎಂದು ನಾನೆಂದಾಗ, ಅವರು ಮಡಕೆಯ ಬಾಯಿಗೆ ಬಟ್ಟೆ ಬಿಗಿಯುತ್ತ, “ಕಾಳಿಗೇನೂ ಬರ ಇಲ್ಲ ಕಣಪ್ಪ, ಕಾಳೈತೆ. ಟ್ಯಾಕ್ಟ್ರಿನೋನಿಗೆ ಎರಡನೇ ಸತಿ ಕೊಡೋಕೆ ಎಲ್ಲಿಂದ ತರಾನ ಹೇಳು?” ಎಂದರು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಯೋಜನೆಗಳಲ್ಲಿಯೂ ಇಲ್ಲವೆಂಬುದು ಆಮೇಲೆ ವಿಚಾರಿಸಿದಾಗ ತಿಳಿಯಿತು.

ಆ ಪ್ರಶ್ನೆಯ ಹಿಂದಿರುವ ಲೆಕ್ಕ ಹೀಗಿದೆ. ಈ ನೆಲದಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಬಿತ್ತನೆಗೆ ತಕ್ಕ ಹದ ಕೆಲವೇ ದಿನ ನಿಲ್ಲುತ್ತದೆ. ಮನೆಯಲ್ಲಿ ಎತ್ತುಗಳಿದ್ದಾಗ, ಮುಯ್ಯಾಳಿನ ಪದ್ಧತಿ ಇದ್ದಾಗ, ಮಳೆ ನಿಂತ ಮರುದಿನವೇ ಆರು ಕಟ್ಟಿ ಊರಿಗೆ ಊರೇ ಬಿತ್ತಿ ಮುಗಿಸುತ್ತಿದ್ದಿತು, ಒಣಗಿ ಹೋದರೆ ಮುಂದಿನ ಮಳೆಗೆ ಮತ್ತೆ ಹೂಡುತ್ತಿದ್ದಿತು. ಎರಡನೆಯ ಬಿತ್ತನೆಗೆ ಬೆವರು ಬೇಕಾಗುತ್ತಿತ್ತೇ ಹೊರತು ಹಣವಲ್ಲ. ಗೋಮಾಳಗಳು ಕರಗಿ, ಮೇವು ದುಬಾರಿಯಾಗಿ, ಎತ್ತುಗಳು ಮಾರಿಹೋದ ಮೇಲೆ ಎಕರೆ ಎರಡೆಕರೆಯ ರೈತ ಬಾಡಿಗೆಯ ಟ್ರ್ಯಾಕ್ಟರಿಗೆ ಕಾಯಬೇಕಾಯಿತು. ದೊಡ್ಡ ಹೊಲಗಳ ಕೆಲಸ ಮುಗಿಸಿ ಅದು ಇವನ ಬದುವಿಗೆ ಬರುವಷ್ಟರಲ್ಲಿ ಹದ ಆರಿರುತ್ತದೆ. ಗಂಟೆಯ ಲೆಕ್ಕದ ಬಾಡಿಗೆ ಮಾತ್ರ ಹದ ಇದ್ದರೂ ಆರಿದರೂ ಒಂದೇ. 2014ರಿಂದೀಚೆಗೆ ಹೋಬಳಿಗಳಲ್ಲಿ ತೆರೆದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳು ಈ ಕಷ್ಟವನ್ನು ತಕ್ಕಮಟ್ಟಿಗೆ ಇಳಿಸಿವೆಯಾದರೂ, ಮಳೆ ಬಿದ್ದ ಎರಡು ಮೂರು ದಿನಗಳಲ್ಲಿ ಹೋಬಳಿಯ ಎಲ್ಲರಿಗೂ ಒಮ್ಮೆಗೇ ಬೇಕಾಗುವ ಯಂತ್ರವು ಸರದಿಯ ಕೊನೆಯಲ್ಲಿ ನಿಂತವನಿಗೆ ಹೊತ್ತಿಗೆ ಸರಿಯಾಗಿ ದೊರೆಯುವುದು ದುರ್ಲಭ.

ಬೆಳೆಯಿಂದ ಬೆಳೆಗೆ ಈ ಲೆಕ್ಕ ಬದಲಾಗುತ್ತದೆ. ರಾಗಿಗೆ ಎಕರೆಯೊಂದಕ್ಕೆ ನಾಲ್ಕೈದು ಕಿಲೋ ಬೀಜ ಸಾಕು. ಪಾವಗಡ, ಚಳ್ಳಕೆರೆಗಳ ಕಡಲೆಕಾಯಿಗೆ ನಲವತ್ತರಿಂದ ಐವತ್ತು ಕಿಲೋ ಬಿತ್ತನೆ ಬೀಜ ಬೇಕು. ಮೊದಲ ಬಿತ್ತನೆಗೇ ಸಾಲ ಮಾಡಿದ ಕಡಲೆಕಾಯಿಯ ಬೆಳೆಗಾರ ಎರಡನೆಯದಕ್ಕೆ ಹೊಸ ಸಾಲ ತರಲಾರದೆ, ಅರ್ಧ ಮೊಳೆತು ಅರ್ಧ ಹುಸಿಯಾದ ಹೊಲವನ್ನೇ ಇಟ್ಟುಕೊಂಡು ಆಕಾಶವನ್ನು ನೋಡುತ್ತ ಕುಳಿತುಬಿಡುತ್ತಾನೆ. ಅವನಿಗೆ ಮಾರ್ಗ ಗೊತ್ತಿಲ್ಲವೆ? ಆ ಹೊಲವನ್ನು ಹರಗಿ ನವಣೆಯನ್ನೋ ಸಾಮೆಯನ್ನೋ ಎರಚಬಹುದೆಂಬುದು, ಎಪ್ಪತ್ತು ದಿನಗಳ ಆಸುಪಾಸಿನಲ್ಲಿ ಕೈಗೆ ಬರುವ ಬರಗು ಎಂಬ ಧಾನ್ಯವೊಂದಿದೆಯೆಂಬುದು, ಅವನ ತಂದೆಗೆ ಗೊತ್ತಿತ್ತು, ಅವನಿಗೂ ಗೊತ್ತಿದೆ. ಬರಗಿನ ಬೀಜ ಆ ವಾರ ಸಿಕ್ಕುವ ಸ್ಥಳ ಯಾವುದು, ಹರಗುವ ಕೂಲಿ ಯಾರು ಕೊಟ್ಟಾರು, ಬೆಳೆದ ಬರಗನ್ನು ಯಾರು ಕೊಂಡಾರು ಎಂಬುವು ಅವನ ತೊಡಕುಗಳು.

ಸರ್ಕಾರಗಳು ಏನನ್ನೂ ಮಾಡಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತಾದೀತು. 2014-15ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಹೊಂಡಗಳು ಹೊಡೆ ಬರುವ ಕಾಲಕ್ಕೆ ಪೈರಿಗೆ ಒಂದು ನೀರು ಕೊಟ್ಟು ಎಷ್ಟೋ ಹೊಲಗಳನ್ನು ಉಳಿಸಿವೆ. ಆದರೂ ಹೊಂಡವೂ ಅದರ ಏರಿಯೂ ಸೇರಿ ಎರಡು ಮೂರು ಗುಂಟೆ ನೆಲವನ್ನು ನುಂಗುವುದರಿಂದ ಒಂದೇ ಎಕರೆ ಇರುವವನು ಅದಕ್ಕೆ ಹಿಂಜರಿಯುತ್ತಾನೆ. ಸಾವಿರ ಅಡಿಯ ಕೊಳವೆಬಾವಿಯನ್ನು ತೋಡಿ ಅಡಿಕೆ ನೆಡುವ, ಈಗ ಚಿತ್ರದುರ್ಗ ಸೀಮೆಯಲ್ಲಿ ಹಬ್ಬಿರುವ ಮಾರ್ಗವನ್ನು ಹೊಂದಾಣಿಕೆಯೆಂದು ಕರೆಯಲು ನನಗೆ ಮನಸ್ಸಾಗದು. ಒಬ್ಬನ ಬಾವಿ ನೆರೆಯವನ ಬಾವಿಯನ್ನು ಬತ್ತಿಸುವೆಡೆ ಯಾರು ಯಾವುದಕ್ಕೆ ಹೊಂದಿಕೊಂಡಂತಾಯಿತು?

ನಷ್ಟವಾದ ಮೇಲೆ ದೊರೆಯುವ ನೆರವಿನ ವಿಷಯವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಬೆಳೆಗೆ ರೈತನ ಕಂತು ವಿಮಾ ಮೊತ್ತದ ಶೇಕಡಾ 2; ಇದು ನ್ಯಾಯವಾದ ಕಂತೇ ಸರಿ. ಮಳೆಯಿಲ್ಲದೆ ಒಂದು ವಿಮಾ ಘಟಕದ ಮುಕ್ಕಾಲು ಪಾಲಿಗಿಂತ ಹೆಚ್ಚು ನೆಲ ಬಿತ್ತನೆಯಾಗದೆ ಉಳಿದರೆ ವಿಮಾ ಮೊತ್ತದ ಶೇಕಡಾ 25ನ್ನು ಕೊಟ್ಟು ಆ ಹಂಗಾಮಿಗೆ ಪಾಲಿಸಿಯನ್ನೇ ಮುಗಿಸಿಬಿಡುತ್ತಾರೆ. ಆಮೇಲೆ ಧೈರ್ಯ ಮಾಡಿ ಬಿತ್ತಿದವನ ಪೈರಿಗೆ ರಕ್ಷಣೆಯಿಲ್ಲ. ಘಟಕದ ಅರ್ಧ ನೆಲ ಒಣಗಿ ಅರ್ಧ ಉಳಿದರಂತೂ ಒಣಗಿದವನಿಗೆ ಬಿತ್ತನೆಯ ಹಂತದಲ್ಲಿ ಏನೂ ದೊರೆಯದು. ವಿಮೆ ಅಧಿಸೂಚಿತ ಬೆಳೆಗೆ ಮಾತ್ರ ಲಭ್ಯವಾಗುವುದರಿಂದ, ಅಕ್ಕಡಿ ಸಾಲಿನಲ್ಲಿ ಐದಾರು ಬೆಳೆ ಹಾಕಿ ಅಪಾಯವನ್ನು ತಾನೇ ಹಂಚಿಕೊಂಡ ರೈತನ ಜಾಣ್ಮೆಗೆ ಅದರಲ್ಲಿ ಮನ್ನಣೆಯಿಲ್ಲ. ಇನ್ನು ಬರಪರಿಹಾರ. ಮಳೆಯಾಶ್ರಿತ ಬೆಳೆ ಮೂರನೆಯ ಒಂದು ಪಾಲಿಗೆ ಕಡಮೆಯಿಲ್ಲದಂತೆ ನಷ್ಟವಾದರೆ ಹೆಕ್ಟೇರಿಗೆ 8,500 ರೂಪಾಯಿ, ಎಂದರೆ ಎಕರೆಗೆ ಸುಮಾರು 3,400 ರೂಪಾಯಿ, ಎರಡು ಹೆಕ್ಟೇರಿನ ಮಿತಿಯೊಳಗೆ. 2023ರ ಬರದಲ್ಲಿ ರಾಜ್ಯವು ಸೆಪ್ಟೆಂಬರ್ ತಿಂಗಳಲ್ಲಿ 195 ತಾಲ್ಲೂಕುಗಳನ್ನೂ ಮುಂದೆ ಒಟ್ಟು 223 ತಾಲ್ಲೂಕುಗಳನ್ನೂ ಬರಪೀಡಿತವೆಂದು ಘೋಷಿಸಿತು. 18,171 ಕೋಟಿ ರೂಪಾಯಿಗಳ ನೆರವನ್ನು ಕೋರಿತು. ಜನವರಿಯಲ್ಲಿ ತನ್ನ ಬೊಕ್ಕಸದಿಂದ ರೈತನೊಬ್ಬನಿಗೆ 2,000 ರೂಪಾಯಿಯವರೆಗೆ ಮೊದಲ ಕಂತನ್ನು ಕೊಟ್ಟಿತು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಕೇಂದ್ರದ 3,454 ಕೋಟಿ ಬಿಡುಗಡೆಯಾದದ್ದು 2024ರ ಏಪ್ರಿಲ್ ಕೊನೆಗೆ. ಅಷ್ಟು ಹೊತ್ತಿಗೆ ಮುಂದಿನ ವರ್ಷದ ಅಶ್ವಿನಿ ಮುಗಿದು ಭರಣಿ ಹೂಡುತ್ತಿದ್ದಿತು.

ಸತ್ತ ಪೈರಿಗೆ ಎಂಟು ತಿಂಗಳ ಮೇಲೆ ಕೊಡುವ 3,400 ರೂಪಾಯಿಯಲ್ಲಿ ಅರ್ಧದಷ್ಟನ್ನು, ಮೊದಲ ಬಿತ್ತನೆ ಒಣಗಿದ ಹತ್ತು ದಿನಗಳೊಳಗೆ ಕೊಟ್ಟಿದ್ದರೆ, ಎಷ್ಟೋ ಹೊಲಗಳಲ್ಲಿ ಆ ಪರಿಹಾರದ ಪ್ರಸಂಗವೇ ಬರುತ್ತಿರಲಿಲ್ಲ. ನನ್ನ ಕೋರಿಕೆ ಇದೊಂದೇ: ವಿಪತ್ತಿನ ನಿಧಿಯ ಒಂದು ಭಾಗವನ್ನು ಮರುಬಿತ್ತನೆಗೆಂದೇ ಮೀಸಲಿಡಬೇಕು. ಇದಕ್ಕೆ ಬೇಕಾದ ಸಾಧನಗಳು ನಮ್ಮಲ್ಲಿ ಆಗಲೇ ಇವೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿರುವ ಸಂಸ್ಥೆಯು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ನೆಟ್ಟಿದೆ. ಯಾವ ಪಂಚಾಯಿತಿಯಲ್ಲಿ ಬಿತ್ತನೆಯ ಮಳೆ ಯಾವ ದಿನ ಬಿತ್ತು, ಆಮೇಲೆ ಎಷ್ಟು ದಿನ ಆಕಾಶ ಬರಿದಾಗಿತ್ತು ಎಂಬುದು ಅದರ ಗಣಕದಲ್ಲಿ ಅಂದಂದೇ ದಾಖಲಾಗುತ್ತದೆ. ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿ ಮಳೆಯ ಮುನ್ಸೂಚನೆ ಕೇಳುವುದು ರೈತರಿಗೆ ರೂಢಿಯಾಗಿದೆ. ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆಯು ಮಳೆ ಎರಡು ವಾರ ತಡವಾದರೆ ಯಾವ ಬೆಳೆ, ನಾಲ್ಕು ವಾರ ತಡವಾದರೆ ಯಾವುದು ಎಂದು ಜಿಲ್ಲೆ ಜಿಲ್ಲೆಗೂ ಪರ್ಯಾಯ ಬೆಳೆ ಯೋಜನೆಯನ್ನು ಬರೆದಿಟ್ಟಿದೆ. ಮಾಪಕವು ಇಂತಿಷ್ಟು ದಿನ ಒಣಹವೆಯನ್ನು ತೋರಿಸಿದೊಡನೆ, ಯಾವ ಸಮೀಕ್ಷೆಗೂ ಕಾಯದೆ, ಉಳುಮೆಯ ಬಾಡಿಗೆಯ ಒಂದು ಪಾಲು ಮತ್ತು ಆ ನಕ್ಷತ್ರಕ್ಕೆ ತಕ್ಕ ಬೀಜ, ಇವೆರಡೂ ಆ ಪಂಚಾಯಿತಿಯ ಸಣ್ಣ ರೈತರಿಗೆ ಸಲ್ಲುವಂತೆ ಏರ್ಪಡಿಸುವುದು ಅಸಾಧ್ಯವೇನೂ ಅಲ್ಲ.

ಹೀಗೆ ಮಾಡಿದರೆ ರೈತರು ಮಳೆಯನ್ನು ಲೆಕ್ಕಿಸದೆ ಮೊದಲೇ ಬಿತ್ತಿಬಿಡುವರೆಂದು ಕೆಲವರು ಶಂಕಿಸಬಹುದು. ಮೊದಲ ಬಿತ್ತನೆಯ ವೆಚ್ಚವೆಲ್ಲ ಅವನದೇ ಆಗಿರುವಾಗ, ನೆರವು ವರ್ಷಕ್ಕೊಮ್ಮೆಗೆ ಮಾತ್ರ ಸೀಮಿತವಾಗಿರುವಾಗ, ತನ್ನ ಕಾಳನ್ನು ತಾನೇ ಮಣ್ಣುಪಾಲು ಮಾಡಿಕೊಳ್ಳುವಷ್ಟು ಅವಿವೇಕಿ ನಮ್ಮ ರೈತನಲ್ಲ. ಇದಕ್ಕಿಂತ ಗಂಭೀರವಾದ ಆಕ್ಷೇಪ ಬೀಜದ್ದು. ರೈತ ಸಂಪರ್ಕ ಕೇಂದ್ರಗಳ ದಾಸ್ತಾನು ಸಾಮಾನ್ಯವಾಗಿ ಹಂಗಾಮಿನ ಮೊದಲ ಬಿತ್ತನೆಯನ್ನು ಗುರಿಯಾಗಿಟ್ಟುಕೊಂಡದ್ದು. ಆಗಸ್ಟ್ ನಡುವೆ ಹೋಗಿ ಅಲ್ಪಾವಧಿಯ ರಾಗಿಯನ್ನೋ ಹುರುಳಿಯನ್ನೋ ಕೇಳಿದವನು ಬರಿಗೈಯಲ್ಲಿ ಮರಳುವ ಸಂಭವವೇ ಹೆಚ್ಚು. 2011ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಕೈಗೊಂಡ ‘ನಿಕ್ರಾ’ ಕಾರ್ಯಕ್ರಮದ ಹಳ್ಳಿಗಳಲ್ಲಿ ಊರವರದೇ ಸಮಿತಿ, ಊರಿನದೇ ಬೀಜಭಂಡಾರ, ಊರಿನಲ್ಲಿಯೇ ಬಾಡಿಗೆಗೆ ದೊರೆಯುವ ಉಪಕರಣಗಳು ಎಂಬ ಏರ್ಪಾಡನ್ನು ಮಾಡಿ ನೋಡಿದ್ದಾರೆ. ಆ ಅಜ್ಜಿಯ ಮಡಕೆಗಳ ಸಾಲನ್ನು ಊರಿನ ಪ್ರಮಾಣಕ್ಕೆ ಹಿಗ್ಗಿಸಿದ ಕ್ರಮ ಅದು. ಪ್ರಯೋಗದ ಹಳ್ಳಿಗಳಲ್ಲಿ ನಡೆದದ್ದು ಉಳಿದ ಹಳ್ಳಿಗಳಿಗೆ ಬಾರದೆ ನಿಂತಿರುವುದಕ್ಕೆ ನನಗೆ ಸಮಾಧಾನಕರವಾದ ಕಾರಣ ಕಾಣುತ್ತಿಲ್ಲ. ಕಿರುಧಾನ್ಯಗಳಿಗೆ ಹೆಕ್ಟೇರಿಗೆ 10,000 ರೂಪಾಯಿಯಂತೆ ಪ್ರೋತ್ಸಾಹಧನ ಕೊಡುವ ರೈತಸಿರಿಯಂತಹ ಯೋಜನೆಯನ್ನು ರೂಪಿಸಬಲ್ಲ ಸರ್ಕಾರಕ್ಕೆ, ಅದೇ ಧಾನ್ಯಗಳ ಬೀಜವನ್ನು ಹಂಗಾಮಿನ ನಡುವೆ ಹೋಬಳಿಯಲ್ಲಿ ಇರಿಸುವುದು ಕಷ್ಟವಾಗಲಾರದು.

ಈ ನೆರವು ಯಾರ ಹೆಸರಿಗೆ ಹೋಗಬೇಕೆಂಬುದೇ ಕಡೆಯ ತೊಡಕು, ಬಹುಶಃ ಎಲ್ಲಕ್ಕಿಂತ ಕಠಿನವಾದದ್ದೂ ಅದೇ. 1961ರ ಭೂಸುಧಾರಣಾ ಶಾಸನಕ್ಕೆ 1974ರಲ್ಲಿ ಆದ ತಿದ್ದುಪಡಿಯು ಗೇಣಿಯನ್ನು ನಿಷೇಧಿಸಿ ಲಕ್ಷಾಂತರ ಉಳುವವರಿಗೆ ಹೊಲದ ಒಡೆತನವನ್ನು ಕೊಟ್ಟಿತು. ಅದು ಈ ನಾಡು ಹೆಮ್ಮೆಪಡಬೇಕಾದ ಕಾರ್ಯ. ಆದರೆ ಪಟ್ಟಣ ಸೇರಿದ ಒಡೆಯರ ಹೊಲಗಳನ್ನು ಬಾಯಿಮಾತಿನ ಮೇಲೆ ವಾರಕ್ಕೋ ಕೋರಿಗೋ ಮಾಡುವ ಹೊಸ ವರ್ಗವೊಂದು ಅಂದಿನಿಂದೀಚೆಗೆ ಬೆಳೆದಿದೆ. ಶಾಸನದ ಕಣ್ಣಿಗೆ ಇವರು ಇಲ್ಲ, ಪಹಣಿಯಲ್ಲಿಯೂ ಇಲ್ಲ. ಪರಿಹಾರ ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ ಹೋಗುತ್ತದೆ. ಮಾವನ ಹೆಸರಿನ ಹೊಲದಲ್ಲಿ ಗಂಡನನ್ನು ಕಳೆದುಕೊಂಡ ಮೇಲೆಯೂ ದುಡಿಯುತ್ತಿರುವ ಹೆಂಗಸಿನ ಸ್ಥಿತಿಯೂ ಇದೇ. ಆದಕಾರಣ ಮರುಬಿತ್ತನೆಯ ನೆರವನ್ನು ಖಾತೆಗೆ ಜಮೆ ಮಾಡುವುದಕ್ಕಿಂತ ಬೀಜದ ಮತ್ತು ಉಳುಮೆಯ ಚೀಟಿಯಾಗಿ, ಆ ವರ್ಷ ಆ ಹೊಲದಲ್ಲಿ ಯಾರು ಬಿತ್ತಿದರೆಂಬುದನ್ನು ಬಲ್ಲ ಗ್ರಾಮಸಭೆಯಲ್ಲಿ ಎಲ್ಲರೆದುರಿಗೆ ಕೊಡುವುದು ಲೇಸು. ಚೀಟಿಯಿಂದ ಯಾರಿಗೂ ಭೂಮಿಯ ಹಕ್ಕು ಹುಟ್ಟದು ಎಂದು ಅದರ ಮೇಲೆಯೇ ಅಚ್ಚು ಹಾಕಿಸಿದರೆ ಒಡೆಯರೂ ಅಂಜಬೇಕಾಗಿಲ್ಲ. ಈ ಪಟ್ಟಿಯನ್ನು ರೋಹಿಣಿ ಮೃಗಶಿರಗಳಲ್ಲಿಯೇ ಸಿದ್ಧಮಾಡಿಟ್ಟುಕೊಂಡ ಪಂಚಾಯಿತಿಗೆ, ಪುಷ್ಯದಲ್ಲಿ ಮಳೆ ಕೈಕೊಟ್ಟರೆ ಆಶ್ಲೇಷಕ್ಕೆ ಚೀಟಿ ಹಂಚಲು ಒಂದು ದಿನದ ಕೆಲಸ ಸಾಕಾಗುವುದು.